ಊರು ಅಲ್ಲೇ, ತಾಲ್ಲೂಕು ಬೇರೆ

ಆಲಮಟ್ಟಿ ಅಣೆಕಟ್ಟು ಯಾವ ತಾಲ್ಲೂಕಿನಲ್ಲಿದೆ? ಸ್ಪರ್ಧಾತ್ಮಕ ಪರೀಕ್ಷೆಗಳ ಹಳೆಯ ಮಾರ್ಗದರ್ಶಿ ಹಿಡಿದು ಓದಿದವರು ಬಸವನಬಾಗೇವಾಡಿ ಎನ್ನುತ್ತಾರೆ. ಇಂದಿನ ಸರಿಯುತ್ತರ ನಿಡಗುಂದಿ. ಅಣೆಕಟ್ಟು ಇದ್ದಲ್ಲೇ ಇದೆ, ಕೃಷ್ಣೆಯೂ ದಾರಿ ಬದಲಿಸಿಲ್ಲ. ಬದಲಾದದ್ದು ಕಂದಾಯ ಇಲಾಖೆಯ ಕಾಗದದಲ್ಲಿ ಊರುಗಳ ಹೆಸರಿನ ಮುಂದೆ ಬರೆಯುವ ಒಂದು ಶಬ್ದ. ಆದರೆ ಆ ಒಂದು ಶಬ್ದದ ಹಿಂದೆ ನಕಾಶೆಯ ಮೇಲಿನ ಗೆರೆಯೊಂದು ಸರಿಯಬೇಕು. ಆ ಗೆರೆ ತಾನಾಗಿ ಸರಿಯುವುದಿಲ್ಲ. ಯಾರೋ ಕುಳಿತು ಸರಿಸಬೇಕಾಗುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ಹೀಗೆ ಸರಿಯಬೇಕಾದ ಗೆರೆಗಳು ಒಂದೆರಡಲ್ಲ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿ 2018ರಲ್ಲಿ ಕೆಲಸ ಆರಂಭಿಸಿದ ಐವತ್ತರಷ್ಟು ಹೊಸ ತಾಲ್ಲೂಕುಗಳಲ್ಲಿ ಏಳು ಈ ಒಂದೇ ಜಿಲ್ಲೆಗೆ ಬಂದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ನಿಡಗುಂದಿ ಹಾಗೂ ಕೊಲ್ಹಾರ, ವಿಜಯಪುರದಿಂದಲೇ ಬಬಲೇಶ್ವರ ಮತ್ತು ತಿಕೋಟಾ. ಆನಂತರ ಸಿಂದಗಿಯ ಮಡಿಲಿನಿಂದ ಆಲಮೇಲವೂ ಬೇರೆಯಾಯಿತು. ಐದು ತಾಲ್ಲೂಕುಗಳಿದ್ದ ಜಿಲ್ಲೆ ಹದಿಮೂರಕ್ಕೆ ಏರಿತು.

ಈ ಬದಲಾವಣೆ ಜನರ ಬಾಯಿಗೆ ಇನ್ನೂ ಪೂರ್ತಿ ಹತ್ತಿಲ್ಲವೆಂದರೆ ಅದಕ್ಕೆ ಕಾರಣವಿದೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ಹೆಸರುಗಳು ಈ ಸೀಮೆಯಲ್ಲಿ ನಾಲ್ಕಾರು ತಲೆಮಾರುಗಳಿಂದ ತಾಲ್ಲೂಕಿನ ಹೆಸರುಗಳಾಗಿಯೇ ಇವೆ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರಿನ 23ನೆಯ ಸಂಪುಟ ವಿಜಾಪುರ ಜಿಲ್ಲೆಯ ಎಂಟು ವಿಭಾಗಗಳನ್ನು ಹೆಸರಿಸುತ್ತದೆ: ಇಂಡಿ, ಸಿಂದಗಿ, ವಿಜಾಪುರ, ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟೆ, ಬಾದಾಮಿ, ಹುನಗುಂದ. ಬ್ರಿಟಿಷರು ಹೋದರು, 1956ರಲ್ಲಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಈ ನಾಲ್ಕು ಹೆಸರುಗಳು ಮಾತ್ರ ಜಗ್ಗಲಿಲ್ಲ. ಲಗ್ನಪತ್ರಿಕೆಯಿಂದ ಹಿಡಿದು ಲಾರಿಯ ಹಿಂಬದಿಯವರೆಗೆ ‘ತಾ॥ ಇಂಡಿ’ ಎಂದು ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿದೆ.

ಜಿಲ್ಲೆ ಒಡೆದದ್ದು ಇದೇ ಮೊದಲೇನೂ ಅಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಜಮಖಂಡಿ, ಮುಧೋಳ ಈ ಆರೂ ತಾಲ್ಲೂಕುಗಳು ಇಡಿ ಇಡಿಯಾಗಿ ಆಚೆ ಹೋದವು. ನಕಾಶೆ ಬರೆಯುವವನಿಗೆ ಅದು ಸುಲಭದ ಕೆಲಸ. ಮೊದಲೇ ಇದ್ದ ತಾಲ್ಲೂಕು ಗಡಿಯ ಮೇಲೆ ದಪ್ಪ ಶಾಯಿಯಲ್ಲಿ ಇನ್ನೊಮ್ಮೆ ತೀಡಿದರೆ ಅದೇ ಜಿಲ್ಲೆಯ ಗಡಿಯಾಯಿತು. 2018ರದು ಹಾಗಲ್ಲ. ಇಲ್ಲಿ ತಾಲ್ಲೂಕಿನ ಹೊಟ್ಟೆಯೊಳಗೇ ಹೊಸ ಗೆರೆ ಹಾಯಬೇಕು. ಅಷ್ಟೇ ಅಲ್ಲ, ಹೊಸ ತಾಲ್ಲೂಕು ಒಂದೇ ತಾಯಿಯ ಮಗುವಾಗಿರಬೇಕೆಂಬ ನಿಯಮವೂ ಇಲ್ಲ. ಸಿಂದಗಿ ತಾಲ್ಲೂಕಿನಲ್ಲಿದ್ದ ಕಲಕೇರಿ ಈಗ ತಾಳಿಕೋಟೆ ತಾಲ್ಲೂಕಿನ ಊರು. ತಾಳಿಕೋಟೆ ಮುದ್ದೇಬಿಹಾಳದಿಂದ ಬಂದದ್ದೆಂದು ಮುದ್ದೇಬಿಹಾಳದ ಹಳೆಯ ನಕಾಶೆಯನ್ನೊಂದೇ ಇಟ್ಟುಕೊಂಡು ಕುಳಿತರೆ ಕಲಕೇರಿ ಕೈಗೆ ಸಿಗುವುದಿಲ್ಲ.

ಪಟ್ಟಿಯೋ, ಗೆರೆಯೋ?

ತಾಲ್ಲೂಕು ರಚಿಸುವ ಅಧಿಕಾರ ಸರ್ಕಾರಕ್ಕೆ ಸಿಗುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 4ನೆಯ ಕಲಮಿನಿಂದ. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಕೊನೆಗೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಲಾಗುತ್ತದೆ. ಆ ಅಧಿಸೂಚನೆಯಲ್ಲಿ ಇರುವುದು ಗೆರೆಯಲ್ಲ, ಪಟ್ಟಿ. ಇಂತಿಂಥ ಹೋಬಳಿಯ ಇಂತಿಂಥ ಗ್ರಾಮಗಳು ಇನ್ನು ಮುಂದೆ ಇಂಥ ತಾಲ್ಲೂಕಿಗೆ ಸೇರಿದವು ಎಂದು ಊರುಗಳ ಹೆಸರು ಸಾಲಾಗಿ ಬರುತ್ತವೆ. ಸರ್ಕಾರದ ದೃಷ್ಟಿಯಲ್ಲಿ ತಾಲ್ಲೂಕು ಎಂದರೆ ಊರುಗಳ ಒಂದು ಗಂಟು. ಗಡಿ ಎಂಬುದು ಆ ಗಂಟು ಕಟ್ಟಿದ ಬಟ್ಟೆಯ ಅಂಚು ಮಾತ್ರ.

ಈ ಎಣಿಕೆಯ ಪದ್ಧತಿ ಇಲ್ಲಿನ ಮಣ್ಣಿಗೆ ಹೊಸದಲ್ಲ. ಬಸವನಬಾಗೇವಾಡಿ ಸೀಮೆಯ ನರಸಲಗಿಯಲ್ಲಿ ಸಿಕ್ಕ ಕ್ರಿ.ಶ. 965ರ ಶಾಸನ, ಮುಂದೆ ಕಲ್ಯಾಣದ ಚಾಲುಕ್ಯ ರಾಜ್ಯವನ್ನು ಕಟ್ಟಿದ ತೈಲಪನು ಆಗ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ‘ತರ್ದವಾಡಿ ಸಾಸಿರ’ವನ್ನು ಆಳುತ್ತಿದ್ದನೆಂದು ತಿಳಿಸುತ್ತದೆ. ಭೀಮಾ ತೀರದ ತದ್ದೇವಾಡಿಯೇ ಆ ತರ್ದವಾಡಿ ಎಂದು ಗುರುತಿಸಲಾಗಿದೆ. ಸಾಸಿರ ಎಂಬುದು ಊರುಗಳ ಸಂಖ್ಯೆಯೋ ಕಂದಾಯದ ಲೆಕ್ಕವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಯಾವುದೇ ಇರಲಿ, ಆಗಲೂ ನಾಡನ್ನು ಹೇಳುತ್ತಿದ್ದದ್ದು ಎಣಿಕೆಯಿಂದ, ಗೆರೆಯಿಂದಲ್ಲ.

ನಕಾಶೆಗೆ ಮಾತ್ರ ಗೆರೆಯೇ ಬೇಕು. ಪಟ್ಟಿಯನ್ನು ಗೆರೆಯಾಗಿಸುವ ದಾರಿ ಒಂದೇ: ಪಟ್ಟಿಯಲ್ಲಿರುವ ಪ್ರತಿಯೊಂದು ಗ್ರಾಮದ ಸೀಮೆ ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿದುಕೊಳ್ಳಬೇಕು. ಆ ತುಂಡುಗಳನ್ನೆಲ್ಲ ಪಕ್ಕಪಕ್ಕದಲ್ಲಿ ಜೋಡಿಸಿ, ಒಳಗಿನ ಗೆರೆಗಳನ್ನು ಅಳಿಸಿ, ಹೊರಗಿನ ಅಂಚನ್ನು ಉಳಿಸಿಕೊಂಡರೆ ಹೊಸ ತಾಲ್ಲೂಕಿನ ಆಕಾರ ಮೂಡುತ್ತದೆ. ಅದೃಷ್ಟಕ್ಕೆ ಗ್ರಾಮದ ಸೀಮೆ ಸುಲಭಕ್ಕೆ ಬದಲಾಗುವುದಿಲ್ಲ. 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮೋಜಣಿ ಪದ್ಧತಿ ಮುಂದೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೂ ಬಂತು. ಹೊಲ ಹೊಲಕ್ಕೆ ಸರ್ವೆ ನಂಬರು, ಊರು ಊರಿಗೆ ನಕಾಶೆ, ಮೂರು ಊರುಗಳ ಸೀಮೆ ಕೂಡುವಲ್ಲಿ ನೆಟ್ಟ ಕಲ್ಲು, ಇವೆಲ್ಲ ಆ ಪದ್ಧತಿಯ ಬಳುವಳಿ. ತಾಲ್ಲೂಕು ಎಷ್ಟು ಬಾರಿ ಒಡೆದರೂ ಬುಡದಲ್ಲಿರುವ ಇಟ್ಟಿಗೆ ಅದೇ ಗ್ರಾಮ.

ಎಲ್ಲರ ನಕಾಶೆ

ಹಿಂದೆ ಈ ಗೆರೆ ಎಳೆಯುವ ಕೆಲಸ ಭೂಮಾಪನ ಇಲಾಖೆಯ ಕಚೇರಿಯೊಳಗೇ ಮುಗಿಯುತ್ತಿತ್ತು. ಶಾಲೆಯ ಗೋಡೆಗೆ ಹೊಸ ನಕಾಶೆ ಬರಲು ಹತ್ತು ವರ್ಷ ಹಿಡಿದರೂ ಕೇಳುವವರಿರಲಿಲ್ಲ. ಈಗ ನಕಾಶೆ ಪ್ರತಿಯೊಬ್ಬರ ಕಿಸೆಯಲ್ಲಿದೆ. ಅಲ್ಲಿ ಕಾಣುವ ನಕಾಶೆಗಳಲ್ಲಿ ಎರಡು ಜಾತಿ. ಗೂಗಲ್‌ನಂಥ ಕಂಪನಿಗಳ ನಕಾಶೆಯಲ್ಲಿ ತಪ್ಪು ಕಂಡರೆ ತಿಳಿಸಬಹುದು, ತಿದ್ದುವುದು ಬಿಡುವುದು ಕಂಪನಿಯ ಮರ್ಜಿ. ಇನ್ನೊಂದು, ಜನರೇ ಕೂಡಿ ಬರೆಯುವ ನಕಾಶೆ. ಅದರಲ್ಲಿ ದೊಡ್ಡದು ಓಪನ್ ಸ್ಟ್ರೀಟ್ ಮ್ಯಾಪ್. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಎಂಬವರು ಇದನ್ನು ಆರಂಭಿಸಿದಾಗ, ಅಲ್ಲಿನ ಸರ್ಕಾರಿ ನಕಾಶೆಯ ವಿವರಗಳನ್ನು ಬಳಸಲು ದುಡ್ಡು ತೆರಬೇಕಿತ್ತು. ಅದಕ್ಕೆ ಬದಲಾಗಿ ಜನರೇ ಬರೆದ, ಯಾರು ಬೇಕಾದರೂ ಬಳಸಬಹುದಾದ ನಕಾಶೆ ಬೇಕೆಂಬುದು ಉದ್ದೇಶ. ಖಾತೆ ತೆರೆದ ಯಾರೂ ಇದರಲ್ಲಿ ಓಣಿ, ಕೆರೆ, ಗುಡಿ, ಗಡಿ ಸೇರಿಸಬಹುದು, ತಿದ್ದಬಹುದು. ಯಾರು, ಯಾವಾಗ, ಯಾವ ಆಧಾರದಿಂದ ತಿದ್ದಿದರು ಎಂಬುದು ದಾಖಲಾಗಿ ಉಳಿಯುತ್ತದೆ. ಈ ವಿವರಗಳನ್ನು ಮೆಟಾ, ಆ್ಯಪಲ್, ಅಮೆಜಾನ್‌ನಂಥ ದೊಡ್ಡ ಕಂಪನಿಗಳೂ ಬಳಸುತ್ತವೆ, ನೆರೆ ಬಂದಾಗ ಪರಿಹಾರಕ್ಕೆ ನಿಲ್ಲುವ ಸ್ವಯಂಸೇವಕರೂ ಬಳಸುತ್ತಾರೆ.

ಇದರಲ್ಲಿ ಗಡಿಯನ್ನು ಬರೆಯುವ ಕ್ರಮ ನಮ್ಮ ಹೊಲದ ಬದುವಿನಂತೆ. ಎರಡು ಹೊಲಗಳ ನಡುವೆ ಇರುವುದು ಒಂದೇ ಬದು. ಅದು ಇಬ್ಬರಿಗೂ ಸೇರಿದ್ದು. ಹಾಗೆಯೇ ಇಂಡಿ ಮತ್ತು ಸಿಂದಗಿಯ ನಡುವೆ ಎರಡು ಗೆರೆ ಎಳೆಯುವುದಿಲ್ಲ. ಒಂದೇ ಗೆರೆ, ಅದು ಇಂಡಿಯ ಲೆಕ್ಕದಲ್ಲೂ ಇರುತ್ತದೆ, ಸಿಂದಗಿಯ ಲೆಕ್ಕದಲ್ಲೂ ಇರುತ್ತದೆ. ತಾಲ್ಲೂಕು ಎಂದರೆ ಹೀಗೆ ತುಂಡು ತುಂಡಾದ ಬದುಗಳು ಸುತ್ತಿ ಬಂದು ಕೂಡಿದ ಒಂದು ಬೇಲಿ.

ಈಗ ಚಡಚಣವನ್ನು ಬೇರೆ ಮಾಡಬೇಕೆಂದುಕೊಳ್ಳಿ. ಹೊಸ ಗೆರೆ ಇಂಡಿಯ ಹಳೆಯ ಬೇಲಿಯನ್ನು ಮುಟ್ಟುವ ಎರಡು ಕಡೆ ಆ ಬೇಲಿಯನ್ನು ಕಡಿಯಬೇಕು. ಆಚೆಗೆ ಉಳಿದ ತುಂಡನ್ನು ಇಂಡಿಯ ಲೆಕ್ಕದಿಂದ ತೆಗೆದು ಚಡಚಣದ ಲೆಕ್ಕಕ್ಕೆ ಹಾಕಬೇಕು. ಆದರೆ ಮಹಾರಾಷ್ಟ್ರದ ಕಡೆಗಿರುವ ಅದೇ ತುಂಡು ವಿಜಯಪುರ ಜಿಲ್ಲೆಯ ಗಡಿಯೂ ಹೌದು, ಕರ್ನಾಟಕ ರಾಜ್ಯದ ಗಡಿಯೂ ಹೌದು. ಆ ಲೆಕ್ಕಗಳಿಂದ ಅದನ್ನು ತೆಗೆಯಕೂಡದು. ಕೊನೆಗೆ ನಡುವೆ ಎಳೆದ ಹೊಸ ಗೆರೆಯನ್ನು ಇಂಡಿ, ಚಡಚಣ ಎರಡರ ಲೆಕ್ಕಕ್ಕೂ ಸೇರಿಸಬೇಕು. ಇಷ್ಟರಲ್ಲಿ ಒಂದು ತುಂಡು ಕೈತಪ್ಪಿದರೂ ಬೇಲಿ ಬಾಯ್ದೆರೆಯುತ್ತದೆ. ಬೇಲಿ ಪೂರ್ತಿ ಮುಚ್ಚಿರದಿದ್ದರೆ ಒಳಗೆ ಯಾವುದು, ಹೊರಗೆ ಯಾವುದು ಎಂದು ಗಣಕಯಂತ್ರಕ್ಕೆ ತಿಳಿಯದು. ಆಗ ಹುಡುಕಿದವರಿಗೆ ತಾಲ್ಲೂಕೇ ಕಾಣೆ. ಹೊಸಬರು ಉತ್ಸಾಹದಿಂದ ಒಂದು ಹೊಸ ತಾಲ್ಲೂಕು ಬರೆಯಲು ಹೋಗಿ ಜಿಲ್ಲೆಯ ಗಡಿಯನ್ನೇ ಮುರಿಯುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಮುರಿದದ್ದನ್ನು ಮತ್ತೊಬ್ಬ ಹಳಬ ಬೈಯುತ್ತಲೇ ಕೂಡಿಸುತ್ತಾನೆ.

ಇದೆಲ್ಲ ಕೈಚಳಕದ ಮಾತು, ಕಲಿತರೆ ಬರುತ್ತದೆ. ಕಠಿಣವಾದದ್ದು ಬೇರೆ. ಆ ನಡುವಿನ ಹೊಸ ಗೆರೆಯನ್ನು ಎಲ್ಲಿಂದ ತರುವುದು? ಉಪಗ್ರಹದ ಚಿತ್ರದಲ್ಲಿ ರಸ್ತೆ ಕಾಣುತ್ತದೆ, ಬಾವಿ ಕಾಣುತ್ತದೆ, ಇಂಡಿಯ ಲಿಂಬೆ ತೋಟವೂ ಕಾಣುತ್ತದೆ. ಗ್ರಾಮದ ಸೀಮೆ ಕಾಣುವುದಿಲ್ಲ. ಅದು ನೆಲದ ಮೇಲೆ ಇರುವುದಕ್ಕಿಂತ ಹೆಚ್ಚಾಗಿ ದಫ್ತರಿನಲ್ಲಿದೆ. ಕಂಪನಿಗಳ ನಕಾಶೆ ನೋಡಿ ತೀಡುವಂತಿಲ್ಲ, ಅದು ಕೃತಿಚೌರ್ಯವಾಗುತ್ತದೆ. ಸಿಕ್ಕಿಬಿದ್ದರೆ ಬರೆದದ್ದೆಲ್ಲ ಅಳಿಸಿ ಹೋಗುತ್ತದೆ. ಸರ್ಕಾರದ ಬಳಿ ಗೆರೆ ಇದೆ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮಗಳ ಗಡಿ ನೋಡಬಹುದು. ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನೇ ಹೇಳುತ್ತದೆ. ಕಂದಾಯ ಇಲಾಖೆ ಹಳೆಯ ಗ್ರಾಮ ನಕಾಶೆಗಳನ್ನೂ ಅಂತರಜಾಲಕ್ಕೆ ಹಾಕಿದೆ. ಆದರೆ ನೋಡಲು ಸಿಗುವುದು ಒಂದು, ತೆಗೆದು ಎಲ್ಲರ ನಕಾಶೆಗೆ ಸೇರಿಸಲು ಸ್ಪಷ್ಟ ಪರವಾನಿಗೆ ಇರುವುದು ಇನ್ನೊಂದು. ಸರ್ಕಾರಿ ದತ್ತಾಂಶವನ್ನು ಮರುಬಳಕೆ ಮಾಡಲು ಬಿಡುವ ಮುಕ್ತ ಪರವಾನಿಗೆಯೊಂದನ್ನು ಕೇಂದ್ರ ಸರ್ಕಾರ 2017ರಲ್ಲಿಯೇ ಹೊರಡಿಸಿದೆ. 2021ರ ಫೆಬ್ರುವರಿಯಲ್ಲಿ ಬಂದ ಭೂದತ್ತಾಂಶ ಮಾರ್ಗಸೂಚಿಗಳು ನಕಾಶೆ ತಯಾರಿಕೆಗಿದ್ದ ಹಳೆಯ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿವೆ. ಹಾಗಿರುವಾಗ ತಾಲ್ಲೂಕಿನ ಅಧಿಸೂಚನೆಯ ಜೊತೆಗೇ ಗ್ರಾಮಗಳ ಗಡಿಯ ಕಡತವನ್ನೂ ಇಂಥ ಪರವಾನಿಗೆಯಡಿ ಬಿಡುಗಡೆ ಮಾಡಲು ಅಡ್ಡಿಯೇನಿರಬೇಕು? ಪಟ್ಟಿಯನ್ನಷ್ಟೇ ಕೊಟ್ಟು ಗೆರೆಯನ್ನು ಊಹೆಗೆ ಬಿಟ್ಟರೆ ಕೆಲಸ ಅರ್ಧ ಮಾಡಿದಂತೆ.

ಗೆರೆಯ ನಂತರದ ತಕರಾರು ಹೆಸರಿನದು. ಒಂದೇ ಜಿಲ್ಲೆಯಲ್ಲಿ ದೇವರಹಿಪ್ಪರಗಿ ಇದೆ, ಬಸವನಬಾಗೇವಾಡಿ ತಾಲ್ಲೂಕಿನಲ್ಲಿ ಹೂವಿನಹಿಪ್ಪರಗಿ ಇದೆ. ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಹಿಪ್ಪರಗಿ ಮತ್ತೊಂದು. ಬಸವಣ್ಣನ ಬಾಗೇವಾಡಿ ಒಂದಾದರೆ ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಇನ್ನೊಂದು. ಇಂಗ್ಲಿಷ್ ಅಕ್ಷರಗಳಿಗೆ ಇಳಿದರೆ ಗೊಂದಲ ಇಮ್ಮಡಿ. ಚಡಚಣವನ್ನು ಒಬ್ಬರು ಚಡ್ಚನ್ ಎಂದು ಓದುವಂತೆ, ಇನ್ನೊಬ್ಬರು ಚಡಚಣ ಎಂದೇ ಓದುವಂತೆ ಬರೆಯುತ್ತಾರೆ. ತಾಳಿಕೋಟೆ, ತಾಳಿಕೋಟಿ, ತಾಲಿಕೋಟ ಎಲ್ಲ ಚಾಲ್ತಿಯಲ್ಲಿವೆ. ಹೆಸರನ್ನು ನಂಬಿ ಪಟ್ಟಿಯನ್ನೂ ನಕಾಶೆಯನ್ನೂ ತಾಳೆ ಹಾಕಲು ಹೋದರೆ ದಾರಿ ತಪ್ಪುವುದು ಖಂಡಿತ. ಇದಕ್ಕೆ ಉಪಾಯ ಸಂಖ್ಯೆ. 2011ರ ಜನಗಣತಿ ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತ ಕೊಟ್ಟಿದೆ. ಕೇಂದ್ರ ಪಂಚಾಯತ್‌ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶದಲ್ಲೂ ಪ್ರತಿ ಊರಿಗೆ ಸಂಕೇತವಿದೆ. ಕನ್ನಡದ ಹೆಸರನ್ನು ಕನ್ನಡದಲ್ಲೇ ಬರೆದು, ಪಕ್ಕದಲ್ಲಿ ಈ ಸಂಖ್ಯೆಯನ್ನು ನಮೂದಿಸಿಬಿಟ್ಟರೆ ಯಾವ ಹಿಪ್ಪರಗಿ ಎಂಬ ಪ್ರಶ್ನೆ ಏಳದು.

ನೀರಿನಡಿಯ ಊರು

ನಿಡಗುಂದಿ, ಕೊಲ್ಹಾರಗಳ ಕಡೆ ಬಂದರೆ ಇನ್ನೂ ವಿಚಿತ್ರವಾದ ಸಮಸ್ಯೆ ಎದುರಾಗುತ್ತದೆ. ಆಲಮಟ್ಟಿಯ ಹಿನ್ನೀರು ನಿಂತಾಗ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು. ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವೂ ಅವುಗಳಲ್ಲೊಂದು. ಈಗಿನ ಕೊಲ್ಹಾರ ಮೇಲೆ ಬಂದು ನೆಲೆಸಿದ ಊರು. ಜನ ಎದ್ದು ಹೋದರೂ ಕಂದಾಯ ದಾಖಲೆಯಿಂದ ಗ್ರಾಮ ಎದ್ದು ಹೋಗುವುದಿಲ್ಲ. ಮನೆಯಿಲ್ಲದ, ದೀಪವಿಲ್ಲದ ಇಂಥ ಊರಿಗೆ ಕಂದಾಯದ ಭಾಷೆಯಲ್ಲಿ ‘ಬೇಚರಾಕ್’ ಗ್ರಾಮ ಎನ್ನುತ್ತಾರೆ. ಅದಕ್ಕೆ ಹೆಸರುಂಟು, ಸೀಮೆಯುಂಟು, ತಾಲ್ಲೂಕುಂಟು, ಜನವಿಲ್ಲ. ಮುಳುಗಡೆಯ ಸಂತ್ರಸ್ತರು ಹೋಗಿ ನೆಲೆಸಿದ ಪುನರ್ವಸತಿ ಕೇಂದ್ರ ಎಷ್ಟೋ ಸಲ ಬೇರೊಂದು ಗ್ರಾಮದ ಸರ್ವೆ ನಂಬರುಗಳಲ್ಲಿರುತ್ತದೆ. ಹಾಗಾದರೆ ನಕಾಶೆಯ ಮೇಲೆ ಆ ಊರಿನ ಹೆಸರನ್ನು ಎಲ್ಲಿ ಬರೆಯಬೇಕು? ನೀರಿನ ನಡುವೆಯೋ, ದಿನ್ನೆಯ ಮೇಲೋ? ಎರಡೂ ಕಡೆ ಎಂಬುದೇ ಸರಿಯಾದ ಉತ್ತರ. ಜನವಸತಿಯ ಚುಕ್ಕೆ ಜನ ಇರುವಲ್ಲಿ, ಕಂದಾಯ ಗ್ರಾಮದ ಗೆರೆ ಇದ್ದಲ್ಲೇ. ಹಿನ್ನೀರಿಗೆ ಅಡ್ಡಲಾಗಿ ಕೊಲ್ಹಾರದಿಂದ ಬೀಳಗಿ ತಾಲ್ಲೂಕಿನ ಕೊರ್ತಿಗೆ ಕಟ್ಟಿದ ಉದ್ದನೆಯ ಸೇತುವೆಯ ಮೇಲೆ ಬಸ್ಸು ಹೋಗುವಾಗ, ಕಿಟಕಿಯಾಚೆ ಕಾಣುವ ನೀರಿನೊಳಗೆ ಊರುಗಳ ಸೀಮೆಗಳೂ ಎರಡು ಜಿಲ್ಲೆಗಳ ಗಡಿಯೂ ಹಾಗೆಯೇ ಮಲಗಿವೆ.

ಇನ್ನು, ತಾಲ್ಲೂಕು ಬದಲಾಯಿತೆಂದ ಮಾತ್ರಕ್ಕೆ ಊರಿನ ಎಲ್ಲ ವಿಳಾಸಗಳೂ ಬದಲಾಗುವುದಿಲ್ಲ. ಅಂಚೆಯ ಪಿನ್ ಸಂಖ್ಯೆಗೂ ತಾಲ್ಲೂಕಿಗೂ ಸಂಬಂಧವಿಲ್ಲ. ವಿಧಾನಸಭಾ ಕ್ಷೇತ್ರಗಳ ಗಡಿ 2008ರ ಚುನಾವಣೆಯಿಂದ ಜಾರಿಗೆ ಬಂದ ಪುನರ್ವಿಂಗಡಣೆಯಂತೆಯೇ ನಡೆದಿದೆ. ದೇವರಹಿಪ್ಪರಗಿ ಮತ್ತು ಬಬಲೇಶ್ವರ ತಾಲ್ಲೂಕಾಗುವ ಮೊದಲೇ ಕ್ಷೇತ್ರಗಳಾಗಿದ್ದವು. ಶಿಕ್ಷಣ ಇಲಾಖೆಗೆ ಚಡಚಣ ಮೊದಲಿನಿಂದಲೂ ಪ್ರತ್ಯೇಕ ವಲಯ. ಹೊಸ ತಾಲ್ಲೂಕಿಗೆ ತಹಶೀಲ್ದಾರರು ಮೊದಲು ಬರುತ್ತಾರೆ. ನ್ಯಾಯಾಲಯ, ಉಪನೋಂದಣಿ ಕಚೇರಿ, ದೊಡ್ಡಾಸ್ಪತ್ರೆ ಬರುವುದು ಒಂದೊಂದಾಗಿ, ಅನುದಾನ ಬಂದಂತೆ. ಆದ್ದರಿಂದ ಉತಾರ ತಿದ್ದಿಸಲು ಒಂದು ಊರಿಗೆ, ಜಮೀನು ನೋಂದಣಿಗೆ ಇನ್ನೊಂದು ಊರಿಗೆ ಬಸ್ಸು ಹತ್ತುವ ರೈತನಿಗೆ ‘ನಿಮ್ಮದು ಯಾವ ತಾಲ್ಲೂಕು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವುದು ಕಷ್ಟ. ನಕಾಶೆಯಲ್ಲಿ ಬರೆಯುವ ಗಡಿ ಕಂದಾಯ ತಾಲ್ಲೂಕಿನದು ಎಂಬುದನ್ನು ಸ್ಪಷ್ಟವಾಗಿ ನಮೂದಿಸದಿದ್ದರೆ ಈ ಎಲ್ಲ ಗಡಿಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಗಡಿ ತಪ್ಪಿದರೆ ಏನು ಮಹಾ ಎನ್ನಬಹುದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಜಿಲ್ಲೆಯ ದಂಡೆಯ ಊರುಗಳಿಗೆ ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಜಿಲ್ಲಾಡಳಿತದ ಪಟ್ಟಿ ಹೊಸ ತಾಲ್ಲೂಕುಗಳ ಪ್ರಕಾರ ಬರುತ್ತದೆ. ದೂರದಿಂದ ನೆರವಿಗೆ ಹೊರಟವರ ಕೈಯಲ್ಲಿ ಐದೇ ತಾಲ್ಲೂಕುಗಳ ನಕಾಶೆಯಿದ್ದರೆ, ಚಡಚಣ ತಾಲ್ಲೂಕಿನ ಲೆಕ್ಕಕ್ಕೆ ಬಂದ ಊರನ್ನು ಅವರು ಹುಡುಕುವುದೆಲ್ಲಿ? ಅಂಕಿಅಂಶಗಳ ಕತೆಯೂ ಇದೇ. 2011ರ ಜನಗಣತಿಯ ಪುಸ್ತಕಗಳಲ್ಲಿ ಕರ್ನಾಟಕಕ್ಕಿರುವುದು 176 ತಾಲ್ಲೂಕುಗಳು. ನಿಡಗುಂದಿ ತಾಲ್ಲೂಕಿನಲ್ಲಿ ಎಷ್ಟು ಜನ, ಎಷ್ಟು ಮನೆಗಳಿಗೆ ನಳವಿತ್ತು, ಎಷ್ಟು ಹೆಣ್ಣುಮಕ್ಕಳು ಓದು ಬಲ್ಲವರಾಗಿದ್ದರು ಎಂಬುದು ಅದರಲ್ಲಿ ಎಲ್ಲಿಯೂ ಅಚ್ಚಾಗಿಲ್ಲ, ಏಕೆಂದರೆ ಆಗ ಅಂಥ ತಾಲ್ಲೂಕೇ ಇರಲಿಲ್ಲ. ಅದನ್ನು ತಿಳಿಯಬೇಕಾದರೆ ಅಧಿಸೂಚನೆಯ ಪಟ್ಟಿ ಹಿಡಿದು, ಊರು ಊರಿನ ಸಂಖ್ಯೆಯನ್ನು ಕೂಡಬೇಕು. ಒಂದು ಊರು ಆಚೀಚೆಯಾದರೂ ಮೊತ್ತ ತಪ್ಪುತ್ತದೆ. ಆ ಮೊತ್ತವನ್ನು ನಂಬಿ ಅಂಗನವಾಡಿ, ಆಸ್ಪತ್ರೆಗಳ ಲೆಕ್ಕ ಹಾಕಿದರೆ ಅದೂ ತಪ್ಪುತ್ತದೆ.

ಹಳೆಯ ಗೆರೆಯನ್ನು ಅಳಿಸಿ ಕೈ ತೊಳೆದುಕೊಳ್ಳುವುದೂ ಜಾಣತನವಲ್ಲ. 2011ರ ಅಂಕಿಗಳನ್ನು, 1884ರ ಗೆಜೆಟಿಯರಿನ ವಿವರಗಳನ್ನು ಓದಲು ಆಯಾ ಕಾಲದ ಗಡಿಯೇ ಬೇಕು. ಕೂಡುನಕಾಶೆಯಲ್ಲಿ ಹಿಂದಿನ ತಿದ್ದುಪಡಿಗಳೆಲ್ಲ ಉಳಿದಿರುವುದರಿಂದ ಹಳೆಯದನ್ನು ಮತ್ತೆ ತೆಗೆದು ನೋಡಲು ಸಾಧ್ಯ. ಬರೆಯುವವರು ಅಧಿಸೂಚನೆಯ ತಾರೀಖನ್ನು ತಿದ್ದುಪಡಿಯ ಟಿಪ್ಪಣಿಯಲ್ಲಿ ನಮೂದಿಸಿದ್ದರೆ ಮಾತ್ರ, ಯಾವ ದಿನದಿಂದ ಯಾವ ಗಡಿ ಎಂಬುದು ಮುಂದೆ ಹುಡುಕುವವರಿಗೆ ತಿಳಿಯುತ್ತದೆ. ಬಹಳ ಜನ ‘ಗಡಿ ಸರಿಪಡಿಸಿದೆ’ ಎಂದಷ್ಟೇ ಬರೆದು ಎದ್ದುಬಿಡುತ್ತಾರೆ.

ಜನಗಣತಿಗೆ ಮೊದಲು ಗಡಿಗಳನ್ನು ಬದಲಿಸದಂತೆ ತಡೆಹಿಡಿಯುವುದು ವಾಡಿಕೆ. 2021ರ ಗಣತಿ ಮುಂದಕ್ಕೆ ಹೋದಂತೆಲ್ಲ ಆ ಗಡುವೂ ಮುಂದಕ್ಕೆ ಹೋಗುತ್ತ ಬಂತು. 2027ರ ಜನಗಣತಿಗೆ 2025ರ ಡಿಸೆಂಬರ್ 31ನ್ನು ಕೊನೆಯ ದಿನವೆಂದು ಗೊತ್ತುಮಾಡಲಾಯಿತು. ಅಂದು ಯಾವ ಊರು ಯಾವ ತಾಲ್ಲೂಕಿನಲ್ಲಿತ್ತೋ ಅದೇ ಗಣತಿಯ ಲೆಕ್ಕ. ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ತಾಲ್ಲೂಕುಗಳಾಗಿ ಜನಗಣತಿಯ ಪುಟಕ್ಕೆ ಬರುವುದು ಇದೇ ಮೊದಲು.